ಮನೆಯ ಫ್ಲೈಟ್ ಸಿಮ್ಯುಲೇಟರಿಗೆ ಆಡ್-ಆನ್: ದುಡ್ಡು ಕೊಡುವ ಮುನ್ನ ತಿಳಿದಿರಬೇಕಾದದ್ದು

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸ ಹೊಸತೇನೂ ಅಲ್ಲ. ಮೈಕ್ರೋಸಾಫ್ಟ್ ಕಂಪನಿಯ ಫ್ಲೈಟ್ ಸಿಮ್ಯುಲೇಟರ್ ಮೊದಲು ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಆಗ ಪರದೆಯ ಮೇಲೆ ಕಾಣುತ್ತಿದ್ದುದು ನಾಲ್ಕು ಗೆರೆ, ಒಂದಷ್ಟು ಚುಕ್ಕಿ. ಇಂದು ಅದೇ ಹೆಸರಿನ ತಂತ್ರಾಂಶದಲ್ಲಿ ಚಂದ್ರಗಿರಿ ಹೊಳೆಯ ಮೇಲಿಂದ ಹಾರಿ ಬೇಕಲ ಕೋಟೆಗೆ ಸುತ್ತು ಹಾಕಬಹುದು, ನೇತ್ರಾವತಿ ಸಮುದ್ರ ಸೇರುವಲ್ಲಿ ಬಲಕ್ಕೆ ತಿರುಗಿ ಬಜಪೆಯಲ್ಲಿ ಇಳಿಯಬಹುದು. ವರ್ಷಕ್ಕೊಮ್ಮೆಯಾದರೂ ಗಲ್ಫಿನಿಂದ ಯಾರಾದರೂ ಬಂದು ಹೋಗುವ ಕಾಸರಗೋಡಿನ ಮನೆಗಳಲ್ಲಿ ವಿಮಾನವೆಂದರೆ ದೂರದ ವಸ್ತುವಲ್ಲ. ಹುಡುಗರಿಗೆ ಅದರ ಆಸೆ ಹುಟ್ಟುವುದು ಸಹಜವೇ.

ಸಿಮ್ಯುಲೇಟರಿಗೆ ದುಡ್ಡು ಕೊಡುವುದು ಒಂದೇ ಸಲ. ಖರ್ಚು ನಿಜವಾಗಿ ಶುರುವಾಗುವುದು ಆಮೇಲೆ. ಹೆಚ್ಚು ನಿಖರವಾದ ವಿಮಾನ, ಹೆಚ್ಚು ಅಂದವಾದ ವಿಮಾನ ನಿಲ್ದಾಣ, ಹವಾಮಾನ, ನಕ್ಷೆ, ಮಾತನಾಡುವ ಕಂಟ್ರೋಲ್ ಟವರ್ ಹೀಗೆ ಬೇರೆ ಬೇರೆ ಕಂಪನಿಗಳು ತಯಾರಿಸಿ ಮಾರುವ ಜೋಡಣೆಗಳಿಗೆ ಆಡ್-ಆನ್ ಎಂದು ಹೆಸರು. ಪಿಎಂಡಿಜಿ ಎಂಬ ಅಮೆರಿಕದ ಕಂಪನಿ 2022ರಲ್ಲಿ ಬಿಡುಗಡೆ ಮಾಡಿದ ಬೋಯಿಂಗ್ 737-800ರ ಬೆಲೆ ಸುಮಾರು 75 ಡಾಲರ್ ಇತ್ತು. ರೂಪಾಯಿ ಲೆಕ್ಕದಲ್ಲಿ ಇದು ಆರು ಸಾವಿರ ದಾಟುತ್ತದೆ. ಅದೇ ವರ್ಷ ಬಂದ ಫೀನಿಕ್ಸ್ ಕಂಪನಿಯ ಏರ್‌ಬಸ್ ಎ320ಕ್ಕೆ ಸುಮಾರು 50 ಪೌಂಡ್. 2024ರ ಹೊಸ ಮೈಕ್ರೋಸಾಫ್ಟ್ ಸಿಮ್ಯುಲೇಟರಿನ ಸಾಮಾನ್ಯ ಆವೃತ್ತಿಯ ಬಿಡುಗಡೆ ಬೆಲೆ ಅಮೆರಿಕದಲ್ಲಿ 70 ಡಾಲರ್. ಎಂದರೆ ಒಂದೇ ಒಂದು ವಿಮಾನಕ್ಕೆ ಇಡೀ ಸಿಮ್ಯುಲೇಟರಿನಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಬೆಲೆ. ಇಂಥ ನಾಲ್ಕು ವಿಮಾನ, ಆರು ನಿಲ್ದಾಣ ಕೊಂಡವರ ಲೆಕ್ಕ ಮೂವತ್ತು ಸಾವಿರ ಮುಟ್ಟುವುದಕ್ಕೆ ಹೆಚ್ಚು ದಿನ ಬೇಡ.

ಕೊಳ್ಳುವುದು ವಸ್ತುವನ್ನಲ್ಲ, ಅನುಮತಿಯನ್ನು

ಮೊದಲು ಅರ್ಥವಾಗಬೇಕಾದ ಸಂಗತಿ ಒಂದಿದೆ. ಆಡ್-ಆನ್ ಕೊಂಡವನು ಬೈಕು ಕೊಂಡವನಂತೆ ಮಾಲೀಕನಾಗುವುದಿಲ್ಲ. ಅದನ್ನು ಬಳಸಲು ಅವನಿಗೆ ಅನುಮತಿ ಸಿಗುತ್ತದೆ, ಅಷ್ಟೇ. ಬೇಸರವಾದರೆ ಇನ್ನೊಬ್ಬರಿಗೆ ಮಾರುವಂತಿಲ್ಲ. ಕೊಂಡವನ ಖಾತೆಗೆ ಅದು ಅಂಟಿಕೊಂಡಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಅದು ಒಂದು ನಿರ್ದಿಷ್ಟ ಸಿಮ್ಯುಲೇಟರಿಗೂ ಅಂಟಿಕೊಂಡಿರುತ್ತದೆ. ಆ ಸಿಮ್ಯುಲೇಟರಿನ ಕಾಲ ಮುಗಿದರೆ ಆಡ್-ಆನ್‌ನ ಕಾಲವೂ ಮುಗಿಯಿತು.

ಇದು ಬರೀ ಹೆದರಿಕೆಯ ಮಾತಲ್ಲ, ನಡೆದುಹೋದ ಕತೆ. 2006ರಲ್ಲಿ ಬಂದ ಎಫ್‌ಎಸ್‌ಎಕ್ಸ್ ಎಂಬ ಆವೃತ್ತಿಗೆ ಜಗತ್ತಿನಾದ್ಯಂತ ಜನ ವರ್ಷಗಟ್ಟಲೆ ವಿಮಾನ, ನಿಲ್ದಾಣಗಳನ್ನು ಕೊಂಡರು. 2009ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ತಯಾರಿಸುತ್ತಿದ್ದ ಏಸಸ್ ಸ್ಟುಡಿಯೋವನ್ನೇ ಮುಚ್ಚಿತು. ಅದರ ತಂತ್ರಾಂಶದ ಹಕ್ಕು ಪಡೆದ ಲಾಕ್‌ಹೀಡ್ ಮಾರ್ಟಿನ್ ಕಂಪನಿ 2010ರಲ್ಲಿ ಪ್ರಿಪೇರ್‌ತ್ರೀಡಿ ಎಂಬ ಹೊಸ ಹೆಸರಿನಲ್ಲಿ ಅದನ್ನು ಮುಂದುವರಿಸಿತು. ಎಫ್‌ಎಸ್‌ಎಕ್ಸ್ 32 ಬಿಟ್‌ನ ತಂತ್ರಾಂಶವಾಗಿತ್ತು. ನಾಲ್ಕು ಜಿಬಿಗಿಂತ ಹೆಚ್ಚು ಮೆಮರಿಯನ್ನು ಬಳಸುವ ಶಕ್ತಿ ಅದಕ್ಕಿರಲಿಲ್ಲ. ಭಾರದ ವಿಮಾನ, ಭಾರದ ನಿಲ್ದಾಣ ಎರಡನ್ನೂ ಹಾಕಿಕೊಂಡು ಮೂರು ತಾಸು ಹಾರಿದವನಿಗೆ, ಇನ್ನೇನು ಇಳಿಯಬೇಕು ಎನ್ನುವಾಗ ಮೆಮರಿ ಮುಗಿಯಿತೆಂಬ ಸಂದೇಶ ಬಂದು ಎಲ್ಲವೂ ಮುಚ್ಚಿಹೋಗುತ್ತಿತ್ತು. 2017ರಲ್ಲಿ ಪ್ರಿಪೇರ್‌ತ್ರೀಡಿಯ ನಾಲ್ಕನೇ ಆವೃತ್ತಿ 64 ಬಿಟ್‌ಗೆ ಬದಲಾದಾಗ ಆ ತೊಂದರೆ ತೀರಿತು. ಆದರೆ ಹಳೆಯ ವಿಮಾನಗಳು ಅದರಲ್ಲಿ ಹಾರಲಿಲ್ಲ. ಕೆಲವು ಕಂಪನಿಗಳು ಹೊಸ ಆವೃತ್ತಿಯನ್ನು ಉಚಿತವಾಗಿ ಕೊಟ್ಟವು, ಕೆಲವು ಮತ್ತೆ ಪೂರ್ತಿ ದುಡ್ಡು ಕೇಳಿದವು. 2020ರ ಆಗಸ್ಟಿನಲ್ಲಿ ಫ್ರಾನ್ಸಿನ ಅಸೋಬೊ ಸ್ಟುಡಿಯೋ ತಯಾರಿಸಿದ ಹೊಸ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಂದಾಗ ಇದೇ ಕತೆ ಮರುಕಳಿಸಿತು. ಹದಿನಾಲ್ಕು ವರ್ಷ ಕೂಡಿಟ್ಟ ಸಂಕೀರ್ಣ ವಿಮಾನಗಳು ಹಳೆಯ ಹಾರ್ಡ್ ಡಿಸ್ಕಿನಲ್ಲೇ ಉಳಿದವು.

2024ರ ನವೆಂಬರಿನಲ್ಲಿ ಬಂದ ಆವೃತ್ತಿಯ ವಿಷಯದಲ್ಲಿ ಪರಿಸ್ಥಿತಿ ಇಷ್ಟು ಕೆಟ್ಟದಾಗಿಲ್ಲ. 2020ರ ಆವೃತ್ತಿಗೆ ಕೊಂಡ ಬಹಳಷ್ಟು ಆಡ್-ಆನ್‌ಗಳು ಇದರಲ್ಲೂ ಕೆಲಸ ಮಾಡುತ್ತವೆ. ಬಹಳಷ್ಟು ಎಂದರೆ ಎಲ್ಲವೂ ಎಂದರ್ಥವಲ್ಲ. ಒಂದೊಂದು ಕಂಪನಿಯದು ಒಂದೊಂದು ನೀತಿ. ಹಾಗಾಗಿ ಕೊಳ್ಳುವ ಪುಟದಲ್ಲಿ ನೋಡಬೇಕಾದ ಮೊದಲ ಸಾಲು ಬಣ್ಣಬಣ್ಣದ ಚಿತ್ರಗಳ ಕೆಳಗಿನದ್ದು: ಇದು ಯಾವ ಸಿಮ್ಯುಲೇಟರಿಗೆ, ಯಾವ ಆವೃತ್ತಿಗೆ, ಮುಂದಿನ ಆವೃತ್ತಿಗೆ ಶುಲ್ಕ ಇದೆಯೇ ಇಲ್ಲವೇ. ಆ ಸಾಲು ಅಲ್ಲಿ ಇಲ್ಲದಿದ್ದರೆ ಕೊಳ್ಳದಿರುವುದೇ ಮೇಲು.

ವಿಮಾನ: ಎಲ್ಲಿ ದುಡ್ಡು ಸಾರ್ಥಕ

ಆಡ್-ಆನ್‌ಗಳಲ್ಲಿ ನಿಜವಾಗಿ ವ್ಯತ್ಯಾಸ ತರುವುದು ವಿಮಾನ. ಆದರೆ ಆ ವ್ಯತ್ಯಾಸ ಚಿತ್ರದಲ್ಲಿ ಕಾಣುವಂಥದ್ದಲ್ಲ. ಇಂದು ಎಂಟುನೂರು ರೂಪಾಯಿಯ ವಿಮಾನವೂ ಹೊರಗಿನಿಂದ ಸುಂದರವಾಗಿಯೇ ಇರುತ್ತದೆ. ಒಳಗೆ ಸ್ವಿಚ್ಚುಗಳಿರುತ್ತವೆ, ಒತ್ತಿದರೆ ದೀಪವೂ ಹತ್ತುತ್ತದೆ. ಆ ಸ್ವಿಚ್ಚಿನ ಹಿಂದೆ ಏನಾದರೂ ಇದೆಯೇ ಎನ್ನುವುದೇ ಪ್ರಶ್ನೆ.

ಹವ್ಯಾಸಿಗಳು ಸ್ಟಡಿ ಲೆವೆಲ್ ಎಂದು ಕರೆಯುವ ವಿಮಾನಗಳಲ್ಲಿ ವಿದ್ಯುತ್, ಹೈಡ್ರಾಲಿಕ್, ಇಂಧನ, ಗಾಳಿಯ ಒತ್ತಡ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತವೆ. ಒಂದು ಜನರೇಟರ್ ಆರಿಸಿದರೆ ಅದರಿಂದ ನಡೆಯುವ ಪಂಪು ನಿಲ್ಲುತ್ತದೆ, ಪಂಪು ನಿಂತರೆ ಅದಕ್ಕೆ ಸಂಬಂಧಿಸಿದ ಎಚ್ಚರಿಕೆಯ ದೀಪ ಹತ್ತುತ್ತದೆ. ಪೈಲಟರು ಬಳಸುವ ಕೈಪಿಡಿಯನ್ನು ಮುಂದಿಟ್ಟುಕೊಂಡು ಕೂತರೆ ಅದರಲ್ಲಿ ಬರೆದಂತೆಯೇ ಎಲ್ಲವೂ ಆಗುತ್ತದೆ. ಅಗ್ಗದ ವಿಮಾನದಲ್ಲಿ ದೀಪ ಹತ್ತುವುದು ಅಷ್ಟೇ. ಅದರ ಹಿಂದೆ ಗೋಡೆ.

ಇದಕ್ಕಿಂತಲೂ ಮುಖ್ಯವಾದದ್ದು ಗಾಳಿಯಲ್ಲಿ ಅದರ ನಡತೆ. ಬಜಪೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮಂಗಳೂರು ವಿಮಾನ ನಿಲ್ದಾಣ ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ ಟೇಬಲ್‌ಟಾಪ್ ನಿಲ್ದಾಣ. 2006ರಲ್ಲಿ ಬಳಕೆಗೆ ಬಂದ ಅದರ ದೊಡ್ಡ ರನ್‌ವೇಯ ಉದ್ದ 2,450 ಮೀಟರ್. ಅಂಚಿನಾಚೆ ಕಣಿವೆ. ಇಲ್ಲಿಗೆ ಬರುವ ವಿಮಾನ ಸುಮಾರು ಮೂರು ಡಿಗ್ರಿಯ ಇಳಿಜಾರಿನಲ್ಲಿ, ನಿಗದಿಯಾದ ವೇಗದಲ್ಲಿ, ರನ್‌ವೇಯ ಮೊದಲ ಭಾಗದಲ್ಲೇ ನೆಲ ಮುಟ್ಟಬೇಕು. ಬೋಯಿಂಗ್ 737-800 ಜಾರು ಸ್ವಭಾವದ ವಿಮಾನ. ಬೇಗ ಕೆಳಗಿಳಿಸಲು ಹೋದರೆ ವೇಗ ಏರುತ್ತದೆ. ವೇಗ ಇಳಿಸಲು ಹೋದರೆ ಎತ್ತರ ಉಳಿದುಬಿಡುತ್ತದೆ. ಎರಡನ್ನೂ ಒಟ್ಟಿಗೆ ಮಾಡಲು ಅದು ಸುಲಭಕ್ಕೆ ಒಪ್ಪುವುದಿಲ್ಲ. ಇಳಿಯುವ ಲೆಕ್ಕ ನಲವತ್ತು, ಐವತ್ತು ಮೈಲಿ ದೂರದಲ್ಲೇ ತಪ್ಪಿದ್ದರೆ ಬಜಪೆಯ ಹತ್ತಿರ ಬಂದಾಗ ಅದನ್ನು ಸರಿಪಡಿಸಲು ಜಾಗವಿರುವುದಿಲ್ಲ.

ಒಳ್ಳೆಯ 737 ಆಡ್-ಆನ್ ಈ ಗುಣವನ್ನು ಇದ್ದಂತೆಯೇ ತೋರಿಸುತ್ತದೆ. ಎತ್ತರದಲ್ಲಿ ಬಂದವನು ಸ್ಪೀಡ್‌ಬ್ರೇಕ್ ಎಳೆಯಬೇಕು, ಗಾಲಿಗಳನ್ನು ಬೇಗ ಇಳಿಸಬೇಕು, ಆಗಲೂ ಆಗದಿದ್ದರೆ ಇಳಿಯುವ ಯೋಚನೆ ಬಿಟ್ಟು ಮತ್ತೆ ಮೇಲೇರಿ ಸುತ್ತು ಬರಬೇಕು. ಸರಳವಾಗಿ ಮಾಡಿದ ವಿಮಾನದಲ್ಲಿ ಮೂತಿ ಕೆಳಗೆ ಮಾಡಿದರಾಯಿತು, ಕಲ್ಲಿನಂತೆ ಇಳಿದು, ರನ್‌ವೇಯ ಮೇಲೆ ಬ್ರೇಕ್ ಒತ್ತಿದಲ್ಲೇ ನಿಲ್ಲುತ್ತದೆ. ಹಾರಿಸಿದವನಿಗೆ ತಾನು ತಪ್ಪು ಮಾಡಿದ್ದೇನೆಂದು ಗೊತ್ತೇ ಆಗುವುದಿಲ್ಲ. ಆರು ಸಾವಿರ ರೂಪಾಯಿ ಕೊಡುವುದು ತಪ್ಪನ್ನು ತಪ್ಪೆಂದು ತೋರಿಸುವ ಈ ಗುಣಕ್ಕೆ.

2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737-800 ಇದೇ ರನ್‌ವೇಯಲ್ಲಿ ನಿಲ್ಲದೆ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ಬದುಕುಳಿದವರು ಎಂಟು ಮಂದಿ. ಮೃತರಲ್ಲಿ ಕಾಸರಗೋಡು ಜಿಲ್ಲೆಯವರೂ ಇದ್ದರು. ಸಹ ಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿಯುವುದನ್ನು ಕೈಬಿಡಲಿಲ್ಲವೆಂದು ತನಿಖಾ ವರದಿ ಹೇಳಿತು. ಅತಿ ಎತ್ತರದಲ್ಲಿ ಬಂದ ವಿಮಾನ ನೆಲ ಮುಟ್ಟಿದಾಗ ರನ್‌ವೇಯ ಸುಮಾರು 5,200 ಅಡಿ ಆಗಲೇ ಹಿಂದೆ ಸರಿದಿತ್ತು. ಉಳಿದದ್ದು 2,800 ಅಡಿ. ಈ ದುರಂತವನ್ನು ಸಿಮ್ಯುಲೇಟರಿನಲ್ಲಿ ಆಟವಾಗಿ ಮರುಸೃಷ್ಟಿಸುವವರೂ ಇದ್ದಾರೆ. ಅದು ಸಭ್ಯತೆಯಲ್ಲ. ಆದರೆ ಇಳಿಯುವ ಲೆಕ್ಕ ತಪ್ಪಿದಾಗ ಬಿಟ್ಟು ಮೇಲೇರುವುದನ್ನು ಅದೇ ರನ್‌ವೇಯಲ್ಲಿ ಹತ್ತು ಸಲ ಅಭ್ಯಾಸ ಮಾಡುವುದು ಬೇರೆ ಮಾತು. ಅದಕ್ಕೆ ಸುಳ್ಳು ಹೇಳದ ವಿಮಾನವೇ ಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಎಲ್ಲ ಒಳ್ಳೆಯ ವಿಮಾನಗಳಿಗೂ ದುಡ್ಡು ಬೇಕಾಗಿಲ್ಲ. ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್ ಇದೆ. ಅಮೆರಿಕದ ಆಸ್ಟಿನ್ ಮೇಯರ್ ಅವರ ಲ್ಯಾಮಿನಾರ್ ರಿಸರ್ಚ್ ತಯಾರಿಸುವ ಇದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದರ ಜೊತೆಗೆ ಬರುವ 737-800ನ್ನು ಆಧಾರವಾಗಿಟ್ಟುಕೊಂಡು ಹವ್ಯಾಸಿಗಳು ಬೆಳೆಸಿದ ಝಿಬೋ ಎಂಬ ಆವೃತ್ತಿ ಪೂರ್ತಿ ಉಚಿತ. ದುಡ್ಡು ಕೊಟ್ಟು ಕೊಳ್ಳುವ ವಿಮಾನಗಳ ಸಾಲಿನಲ್ಲಿ ಅದನ್ನು ನಿಲ್ಲಿಸಬಹುದು. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಫ್ಲೈಬೈವೈರ್ ಎಂಬ ತಂಡದ ಏರ್‌ಬಸ್ ಎ320 ನಿಯೋ ಕೂಡ ಉಚಿತ, ಅದರ ಮೂಲ ಸಂಕೇತವೂ ಮುಕ್ತ. ಇಂಡಿಗೋದವರು ಹಾರಿಸುವ ಮಾದರಿಯ ವಿಮಾನ ಬೇಕೆನ್ನುವವರಿಗೆ ಆರಂಭಕ್ಕೆ ಇದು ಧಾರಾಳ ಸಾಕು. ಆರು ತಿಂಗಳು ಇದನ್ನು ಹಾರಿಸಿ, ಇದರಲ್ಲಿ ಏನು ಕೊರತೆ ಎಂದು ತಾನೇ ಹೇಳಬಲ್ಲವನು ಫೀನಿಕ್ಸ್ ಕೊಂಡರೆ ಅರ್ಥವಿದೆ. ಕೊರತೆ ಏನೆಂದೇ ಹೇಳಲಾಗದವನಿಗೆ ಐವತ್ತು ಪೌಂಡಿನದ್ದೂ ಒಂದೇ, ಉಚಿತವಾದದ್ದೂ ಒಂದೇ.

ಗೋವೆಯ ಮೋಪಾದಿಂದ ಸೊಲ್ಲಾಪುರಕ್ಕೆ 2025ರ ಜೂನಿನಲ್ಲಿ ಆರಂಭವಾದಂಥ ಚಿಕ್ಕ ಸಂಚಾರಗಳನ್ನು ಇಷ್ಟಪಡುವವರಿಗೆ ಎಟಿಆರ್ 72-600 ಇದೆ. 2023ರಲ್ಲಿ ಮೈಕ್ರೋಸಾಫ್ಟ್ ತಾನೇ ಮಾರಾಟಕ್ಕಿಟ್ಟ ಈ ವಿಮಾನದ ಬೆಲೆ ದೊಡ್ಡ ಜೆಟ್‌ಗಳಿಗಿಂತ ಬಹಳ ಕಡಿಮೆ. ಒಂದು ತಾಸಿನೊಳಗೆ ಮುಗಿಯುವ ಹಾರಾಟ ಅದರದು. ಕೆಲಸ ಮುಗಿಸಿ ಬಂದು ಊಟದ ಮುನ್ನ ಒಂದು ಸುತ್ತು ಹೋಗಿ ಬರುವವರಿಗೆ ಇದೇ ಲೇಸು. ಬೋಯಿಂಗ್ 777 ಕೊಂಡು, ಹದಿನಾಲ್ಕು ತಾಸಿನ ಹಾರಾಟವನ್ನು ಆಟೋಪೈಲಟ್‌ಗೆ ಬಿಟ್ಟು ಮಲಗುವವರು ಆ ವಿಮಾನವನ್ನು ವರ್ಷಕ್ಕೆ ಎಷ್ಟು ಸಲ ಹಾರಿಸುತ್ತಾರೆ ಎನ್ನುವುದನ್ನು ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು.

ದೊಡ್ಡ ಜೆಟ್‌ಗಳ ಗದ್ದಲದಲ್ಲಿ ಮರೆತುಹೋಗುವುದು ಚಿಕ್ಕ ವಿಮಾನಗಳು. ಹಾರುವುದನ್ನು ಕಲಿಸುವುದು ಅವೇ. ಎ2ಎ ಎಂಬ ಕಂಪನಿಯ ಪೈಪರ್ ಕಮಾಂಚಿ 2023ರಲ್ಲಿ ಬಂತು. ಒಂದೇ ಎಂಜಿನ್, ನಾಲ್ಕು ಆಸನ. ಆದರೆ ಇದರ ಎಂಜಿನ್ನಿಗೆ ನೆನಪಿದೆ. ತಣ್ಣಗಿರುವಾಗಲೇ ಪೂರ್ತಿ ಶಕ್ತಿ ಕೊಟ್ಟು ಓಡಿಸಿದರೆ ಅದರ ಸವೆತ ಉಳಿದುಕೊಳ್ಳುತ್ತದೆ. ಇಂದು ಕಂಪ್ಯೂಟರ್ ಆರಿಸಿ ನಾಳೆ ಮತ್ತೆ ಹಚ್ಚಿದರೂ ನಿನ್ನೆಯ ಪಾಪ ಹಾಗೆಯೇ ಇರುತ್ತದೆ. ಸ್ಪಾರ್ಕ್ ಪ್ಲಗ್ ಕೆಡುತ್ತದೆ, ಬ್ಯಾಟರಿ ಇಳಿಯುತ್ತದೆ, ಎಣ್ಣೆ ಬದಲಿಸಬೇಕಾಗುತ್ತದೆ. ಹಳೆಯ ಅಂಬಾಸಿಡರ್ ಸಾಕಿದವರಿಗೆ ಈ ಸುಖದುಃಖ ಬೇಗ ಅರ್ಥವಾದೀತು. ಸಿಮ್ಯುಲೇಟರಿನ ಜೊತೆಗೇ ಬರುವ ಸೆಸ್ನಾ 172 ಕೂಡ ಕಡಿಮೆಯದಲ್ಲ. ಜಗತ್ತಿನ ಎಷ್ಟೋ ತರಬೇತಿ ಶಾಲೆಗಳಲ್ಲಿ ಮೊದಲ ಪಾಠ ನಡೆಯುವುದು ಅದರಲ್ಲೇ.

ನಿಲ್ದಾಣ ಮತ್ತು ನೆಲದ ಚಿತ್ರ

ವಿಮಾನ ನಿಲ್ದಾಣಗಳ ಆಡ್-ಆನ್‌ಗಳು ಬಿಡಿಯಾಗಿ ಅಗ್ಗ. ಅದೇ ಅವುಗಳ ಅಪಾಯ. ಸಾವಿರ, ಒಂದೂವರೆ ಸಾವಿರ ಎಂದು ಒಂದೊಂದಾಗಿ ಕೊಂಡದ್ದು ಒಟ್ಟಿಗೆ ಎಷ್ಟಾಯಿತೆಂದು ಯಾರೂ ಕೂಡಿಸಿ ನೋಡುವುದಿಲ್ಲ.

2020ರ ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ 37,000 ವಿಮಾನ ನಿಲ್ದಾಣಗಳಿದ್ದವು. ಇವುಗಳಲ್ಲಿ ಕೈಯಿಂದ ಕುಸುರಿ ಮಾಡಿದವು ಬಿಡುಗಡೆಯ ಹೊತ್ತಿಗೆ ಸಾಮಾನ್ಯ ಆವೃತ್ತಿಯಲ್ಲಿ 30, ಅತಿ ದುಬಾರಿ ಆವೃತ್ತಿಯಲ್ಲಿ 40. ನೇಪಾಳದ ಕಠ್ಮಂಡು, ಲುಕ್ಲಾ, ಭೂತಾನಿನ ಪಾರೋ ಆ ಪಟ್ಟಿಯಲ್ಲಿದ್ದವು. ದುಬೈ ಇದ್ದದ್ದು ದುಬಾರಿ ಆವೃತ್ತಿಯಲ್ಲಿ ಮಾತ್ರ. ಉಳಿದ ಸಾವಿರಾರು ನಿಲ್ದಾಣಗಳನ್ನು ಉಪಗ್ರಹ ಚಿತ್ರ ನೋಡಿ ತಂತ್ರಾಂಶವೇ ಊಹಿಸಿ ಕಟ್ಟಿತ್ತು. ರನ್‌ವೇ ಸರಿಯಾದ ಜಾಗದಲ್ಲಿರುತ್ತದೆ, ಕಟ್ಟಡ ಮಾತ್ರ ಯಾವುದೋ ಗೋದಾಮಿನಂತೆ ಇರುತ್ತದೆ.

ಕಟ್ಟಡ ಗೋದಾಮಿನಂತಿದ್ದರೆ ಹಾರಾಟಕ್ಕೇನೂ ತೊಂದರೆಯಿಲ್ಲ. ಟೇಬಲ್‌ಟಾಪ್ ನಿಲ್ದಾಣಗಳಲ್ಲಿ ನೋಡಬೇಕಾದದ್ದು ನೆಲದ ಏರಿಳಿತ. ಗುಡ್ಡದ ಅಂಚು ಕತ್ತರಿಸಿದಂತೆ ಕಾಣುತ್ತದೆಯೇ, ಅಥವಾ ಇಳಿಜಾರು ನಯವಾಗಿ ಬಯಲಿನಲ್ಲಿ ಸೇರಿಕೊಂಡಿದೆಯೇ? ರನ್‌ವೇ ಸಮವಾಗಿದೆಯೇ ಅಥವಾ ನಡುವೆ ಹೊಂಡ ಬಿದ್ದಿದೆಯೇ? ಮಂಗಳೂರು, ಕೋಝಿಕ್ಕೋಡಿನ ಕರಿಪ್ಪೂರು, 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರು ಇವುಗಳಿಗೆ ಆಡ್-ಆನ್ ಕೊಳ್ಳುವವರು ಟರ್ಮಿನಲ್ಲಿನ ಗಾಜನ್ನು ನೋಡುವುದಕ್ಕಿಂತ ರನ್‌ವೇಯ ಎರಡು ತುದಿಗಳ ಚಿತ್ರ ನೋಡುವುದು ಒಳ್ಳೆಯದು. ಮಾರುವವರು ಆ ಚಿತ್ರ ಹಾಕದಿದ್ದರೆ ಅದಕ್ಕೆ ಕಾರಣವಿರುತ್ತದೆ.

ಅದಕ್ಕೂ ಮುನ್ನ ಉಚಿತವಾದದ್ದು ಇದೆಯೇ ಎಂದು ಹುಡುಕಬೇಕು. ಭಾರತದ ನಿಲ್ದಾಣಗಳನ್ನು ಭಾರತದ ಹವ್ಯಾಸಿಗಳೇ ಮಾಡಿ ಹಂಚಿಕೊಂಡದ್ದು ಸಾಕಷ್ಟಿದೆ. ಎಕ್ಸ್-ಪ್ಲೇನ್‌ನಲ್ಲಂತೂ ಬಳಕೆದಾರರು ಕಳುಹಿಸಿದ ನಿಲ್ದಾಣಗಳನ್ನು ಪರಿಶೀಲಿಸಿ ಸಿಮ್ಯುಲೇಟರಿನೊಳಗೇ ಸೇರಿಸಿಕೊಳ್ಳುವ ವ್ಯವಸ್ಥೆ ಇದೆ. ಕೊಳ್ಳಲೇಬೇಕೆಂದರೆ ಪದೇಪದೇ ಹೋಗುವ ಎರಡು ನಿಲ್ದಾಣ ಸಾಕು. ಒಂದು ಊರಿನದ್ದು, ಇನ್ನೊಂದು ಹೋಗಿ ಸೇರುವಲ್ಲಿಯದು.

ಇನ್ನು ಬೇಡವಾದವು

ಎಫ್‌ಎಸ್‌ಎಕ್ಸ್ ಕಾಲದಲ್ಲಿ ಹವಾಮಾನದ ಆಡ್-ಆನ್ ಇಲ್ಲದೆ ಹಾರುವವರು ಕಡಿಮೆ. ಆಗಿನ ಮೋಡಗಳು ಹತ್ತಿಯ ಉಂಡೆಗಳಂತಿದ್ದವು. ಈಗಿನ ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲೂ, 2022ರ ಎಕ್ಸ್-ಪ್ಲೇನ್ 12ರಲ್ಲೂ ಜೀವಂತ ಹವಾಮಾನ ಒಳಗೇ ಇದೆ. ಕರಾವಳಿಯಲ್ಲಿ ಜೂನ್ ಮಳೆ ಹೊಡೆಯುತ್ತಿದ್ದರೆ ಪರದೆಯ ಮೇಲೂ ಮೋಡ ಕವಿದಿರುತ್ತದೆ. ಹಳೆಯ ಸಲಹೆಗಳನ್ನು ಓದಿ ಇಂದು ಹವಾಮಾನಕ್ಕೆ ದುಡ್ಡು ಕೊಡುವವರು ಇಲ್ಲದ ಕಾಯಿಲೆಗೆ ಮದ್ದು ಕೊಂಡಂತೆ.

ದಾರಿ ಮತ್ತು ರೇಡಿಯೋ ಮಾಹಿತಿ ಪ್ರತಿ 28 ದಿನಕ್ಕೊಮ್ಮೆ ಬದಲಾಗುತ್ತದೆ. ಸ್ವೀಡನ್ನಿನ ನ್ಯಾವಿಗ್ರಾಫ್ ಕಂಪನಿ ಅದನ್ನೂ ನಕ್ಷೆಗಳನ್ನೂ ಚಂದಾ ಪಡೆದು ಒದಗಿಸುತ್ತದೆ. ಒಳ್ಳೆಯ ಸೇವೆ, ಸಂಶಯವಿಲ್ಲ. ಆದರೆ ಭಾರತದೊಳಗೆ ಮಾತ್ರ ಹಾರುವವರಿಗೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವೇ ತನ್ನ ಜಾಲತಾಣದಲ್ಲಿ ಎಲ್ಲ ನಿಲ್ದಾಣಗಳ ಅಧಿಕೃತ ನಕ್ಷೆಗಳನ್ನು ಉಚಿತವಾಗಿ ಇಟ್ಟಿದೆ. ಮಂಗಳೂರಿನ ಸಂಕೇತ ವಿಒಎಂಎಲ್, ಕಣ್ಣೂರಿನದ್ದು ವಿಒಕೆಎನ್. ಹುಡುಕಿದರೆ ಇಳಿಯುವ ದಾರಿ, ಎತ್ತರ, ಗುಡ್ಡಗಳು ಎಲ್ಲವೂ ಸಿಗುತ್ತವೆ. ಹಾರಾಟದ ಯೋಜನೆ ಹಾಕಿಕೊಡುವ ಸಿಂಬ್ರೀಫ್ ಕೂಡ ಉಚಿತ.

ಕಂಟ್ರೋಲ್ ಟವರಿನ ಧ್ವನಿ ಬೇಕೆನ್ನುವವರಿಗೆ ಈಚೆಗೆ ಕೃತಕ ಬುದ್ಧಿಮತ್ತೆಯ ಆಡ್-ಆನ್‌ಗಳೂ ಬಂದಿವೆ. ವ್ಯಾಟ್‌ಸಿಮ್ ಎಂಬ ಜಾಲದಲ್ಲಿ ಮನುಷ್ಯರೇ ಕೂತು ಮಾತನಾಡುತ್ತಾರೆ, ಅದಕ್ಕೆ ಶುಲ್ಕವಿಲ್ಲ. ವಯಸ್ಸು 13 ಆಗಿರಬೇಕು, ನಿಯಮ ಓದಿರಬೇಕು. ಮೊದಲ ದಿನ ಮಾತನಾಡುವಾಗ ಎಲ್ಲರಿಗೂ ಗಂಟಲು ಒಣಗುತ್ತದೆ, ಅದು ಬೇರೆ.

ಅಂಗಡಿ, ಕಾರ್ಡು, ಯಂತ್ರ

ಆಡ್-ಆನ್ ಸಿಗುವುದು ಎರಡು ಕಡೆ. ಒಂದು, ಸಿಮ್ಯುಲೇಟರಿನೊಳಗಿರುವ ಮಾರುಕಟ್ಟೆ. ಎರಡು, ತಯಾರಕರ ಅಥವಾ ವ್ಯಾಪಾರಿಗಳ ಜಾಲತಾಣ. ಮೈಕ್ರೋಸಾಫ್ಟ್‌ನ ಒಳಗಿನ ಮಾರುಕಟ್ಟೆಯಲ್ಲಿ ಕೊಂಡದ್ದು ತಾನಾಗಿಯೇ ಜೋಡಣೆಯಾಗುತ್ತದೆ. ಎಕ್ಸ್‌ಬಾಕ್ಸ್‌ನಲ್ಲಿ ಹಾರುವವರಿಗಂತೂ ಅದೊಂದೇ ದಾರಿ. ಹೊರಗೆ ಕೊಂಡದ್ದು ಅಲ್ಲಿ ನಡೆಯುವುದಿಲ್ಲ. ಕಂಪ್ಯೂಟರಿನವರಿಗೆ ತಯಾರಕರಲ್ಲಿ ನೇರ ಕೊಳ್ಳುವುದೇ ಲಾಭ. ತಿದ್ದುಪಡಿಗಳು ಅಲ್ಲಿ ಬೇಗ ಬರುತ್ತವೆ. ಒಳಗಿನ ಮಾರುಕಟ್ಟೆಯಲ್ಲಿ ಅದೇ ತಿದ್ದುಪಡಿ ಪರಿಶೀಲನೆ ಮುಗಿದು ಬರಲು ದಿನ ಹಿಡಿಯುತ್ತದೆ.

ವಾಪಸಾತಿಯ ನಿಯಮ ಮೊದಲೇ ಓದಿರಬೇಕು. ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, ಎರಡು ತಾಸಿಗಿಂತ ಕಡಿಮೆ ಬಳಸಿದ್ದರೆ ದುಡ್ಡು ವಾಪಸು ಕೇಳಬಹುದು. ತಯಾರಕರ ಜಾಲತಾಣಗಳಲ್ಲಿ ಒಮ್ಮೆ ಡೌನ್‌ಲೋಡ್ ಮಾಡಿದ ಮೇಲೆ ವಾಪಸಿಲ್ಲ ಎನ್ನುವುದೇ ಸಾಮಾನ್ಯ ನಿಯಮ.

ದುಡ್ಡು ಕಟ್ಟುವಲ್ಲಿ ಭಾರತದವರಿಗೆ ಎದುರಾಗುವ ಕಿರಿಕಿರಿ ಬೇರೆ. ರಿಸರ್ವ್ ಬ್ಯಾಂಕಿನ 2020ರ ಆದೇಶದ ನಂತರ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಮುಚ್ಚಿರುತ್ತದೆ. ಬ್ಯಾಂಕಿನ ಆಪ್‌ನಲ್ಲಿ ತೆರೆಯಬೇಕು, ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಬೇಕು. ಡಾಲರಿನಲ್ಲಿ ಕಟ್ಟಿದರೆ ಬ್ಯಾಂಕು ತನ್ನ ವಿನಿಮಯ ಶುಲ್ಕ ಹಾಕುತ್ತದೆ. ಕೆಲವು ಅಂಗಡಿಗಳು ಕೊನೆಯ ಪುಟದಲ್ಲಿ ಶೇ. 18 ಜಿಎಸ್‌ಟಿಯನ್ನೂ ಸೇರಿಸುತ್ತವೆ. 75 ಡಾಲರ್ ಎಂದುಕೊಂಡದ್ದು ಕೈಗೆ ಬರುವಾಗ 90ರ ಹತ್ತಿರ ಹೋಗಿರುತ್ತದೆ. ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಇದ್ದು, ಯುಪಿಐ ಮೂಲಕವೂ ಕಟ್ಟಬಹುದು. ನವೆಂಬರ್ ಕೊನೆಗೆ ಬಹುತೇಕ ಅಂಗಡಿಗಳಲ್ಲಿ ರಿಯಾಯಿತಿ ಇರುತ್ತದೆ. ಅವಸರವಿಲ್ಲದವರು ಅಲ್ಲಿಯವರೆಗೆ ಕಾಯಬಹುದು.

ಕಳ್ಳ ಪ್ರತಿಗಳ ಬಗ್ಗೆ ಒಂದು ಮಾತು. ಉಚಿತವಾಗಿ ಸಿಕ್ಕಿತೆಂದು ಹಾಕಿಕೊಂಡ ತಂತ್ರಾಂಶದ ಜೊತೆ ಏನು ಬರುತ್ತದೆಂದು ಹೇಳಲಾಗದು. 2018ರಲ್ಲಿ ಹೆಸರಾಂತ ಕಂಪನಿಯೊಂದರ ಏರ್‌ಬಸ್ ಆಡ್-ಆನ್‌ನ ಇನ್‌ಸ್ಟಾಲರಿನೊಳಗೆ ಬ್ರೌಸರಿನ ಪಾಸ್‌ವರ್ಡ್‌ಗಳನ್ನು ತೆಗೆಯುವ ಫೈಲೊಂದು ಪತ್ತೆಯಾಗಿ ದೊಡ್ಡ ಗಲಾಟೆಯಾಯಿತು. ಕಳ್ಳರನ್ನು ಹಿಡಿಯಲು ಹಾಕಿದ್ದೆಂದು ಕಂಪನಿ ಹೇಳಿತು, ಟೀಕೆ ಜೋರಾದಾಗ ತೆಗೆದುಹಾಕಿತು. ಅಸಲಿ ಪ್ರತಿಯಲ್ಲೇ ಹೀಗಾದರೆ ಗೊತ್ತುಗುರಿಯಿಲ್ಲದ ಪ್ರತಿಯ ಗತಿ ಏನು? ಅದೇ ಕಂಪ್ಯೂಟರಿನಲ್ಲಿ ಮನೆಯವರ ಬ್ಯಾಂಕ್ ಖಾತೆಯೂ ತೆರೆಯುತ್ತದೆ.

ಯಂತ್ರದ ಶಕ್ತಿ ನೋಡದೆ ಕೊಂಡರೆ ಎಲ್ಲವೂ ವ್ಯರ್ಥ. 2024ರ ಮೈಕ್ರೋಸಾಫ್ಟ್ ಸಿಮ್ಯುಲೇಟರಿಗೆ ಕನಿಷ್ಠ 16 ಜಿಬಿ ಮೆಮರಿ ಬೇಕು, 32 ಇದ್ದರೆ ಒಳ್ಳೆಯದೆಂದು ಕಂಪನಿಯೇ ಹೇಳುತ್ತದೆ. ನೆಲದ ಚಿತ್ರಗಳು ಅಂತರ್ಜಾಲದ ಮೂಲಕವೇ ಹರಿದು ಬರುವುದರಿಂದ ಸಂಪರ್ಕವೂ ಗಟ್ಟಿಯಿರಬೇಕು. 16 ಜಿಬಿಯ ಯಂತ್ರದಲ್ಲಿ ಭಾರದ 737 ಮತ್ತು ಭಾರದ ದುಬೈ ಎರಡನ್ನೂ ಹಾಕಿದರೆ ಇಳಿಯುವ ಹೊತ್ತಿಗೆ ಚಿತ್ರ ಕುಂಟುತ್ತದೆ. ಆರು ಸಾವಿರ ಇದ್ದವನು ಮೆಮರಿ ಹೆಚ್ಚಿಸುವುದೋ ವಿಮಾನ ಕೊಳ್ಳುವುದೋ ಎಂದರೆ ಮೆಮರಿಯೇ ಸರಿ. ಕೀಲಿಮಣೆಯಲ್ಲಿ ಹಾರಿಸುತ್ತಿರುವವನು ಮೊದಲು ಒಂದು ಜಾಯ್‌ಸ್ಟಿಕ್ ಕೊಳ್ಳಬೇಕು. ಬಾಣದ ಕೀಲಿ ಒತ್ತಿ ಹಾರಿಸುವವನಿಗೆ ಎಷ್ಟೇ ದುಬಾರಿ ವಿಮಾನ ಕೊಟ್ಟರೂ ಅದರ ತೂಕ ಕೈಗೆ ಸಿಗುವುದಿಲ್ಲ. ಇನ್ನು ಮಳೆಗಾಲದಲ್ಲಿ ಕರೆಂಟು ಹೋಗುವ ಊರಿನಲ್ಲಿ ಮೊದಲ ಆಡ್-ಆನ್ ಯುಪಿಎಸ್ ಆಗಿರಲಿ. ಮೂರೂವರೆ ತಾಸು ಹಾರಿ ದುಬೈನಿಂದ ಬಂದು, ಬಜಪೆಯ ರನ್‌ವೇ ಕಾಣುತ್ತಿರುವಾಗ ಕತ್ತಲಾದರೆ ಆಗುವ ಹೊಟ್ಟೆಯುರಿಗೆ ಯಾವ ಕಂಪನಿಯೂ ಪರಿಹಾರ ಕೊಡುವುದಿಲ್ಲ.

ಮಗ ಪೈಲಟ್ ಆಗುವನೆಂದು

ಕೆಲವು ಮನೆಗಳಲ್ಲಿ ಈ ಖರ್ಚಿಗೆ ಬೇರೆಯೇ ಕಾರಣವಿರುತ್ತದೆ. ಹುಡುಗ ಪೈಲಟ್ ಆಗಬೇಕೆನ್ನುತ್ತಾನೆ, ದುಬಾರಿ ಆಡ್-ಆನ್ ಇದ್ದರೆ ಅದಕ್ಕೆ ಸಹಾಯವಾಗುತ್ತದೆ ಎನ್ನುತ್ತಾನೆ, ತಂದೆ ದುಬೈಯಿಂದಲೋ ದೋಹಾದಿಂದಲೋ ದುಡ್ಡು ಕಳುಹಿಸುತ್ತಾರೆ. ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಕೇಳುವುದು ನಿಜವಾದ ವಿಮಾನದಲ್ಲಿ 200 ತಾಸುಗಳ ಹಾರಾಟ. ಮನೆಯ ಕಂಪ್ಯೂಟರಿನಲ್ಲಿ ಎರಡು ಸಾವಿರ ತಾಸು ಹಾರಿಸಿದ್ದರೂ ಅದರಲ್ಲಿ ಒಂದು ನಿಮಿಷವೂ ಲಾಗ್‌ಬುಕ್ಕಿಗೆ ಸೇರುವುದಿಲ್ಲ. ತರಬೇತಿ ಸಂಸ್ಥೆಗಳಲ್ಲಿ ಬಳಸುವ, ಮಾನ್ಯತೆ ಪಡೆದ ಸಿಮ್ಯುಲೇಟರ್‌ಗಳು ಬೇರೆ. ಅವು ಯಂತ್ರ ಸಮೇತ ಪರೀಕ್ಷೆಗೊಳಗಾಗಿ ಪ್ರಮಾಣಪತ್ರ ಪಡೆದವು.

ಮನೆಯ ಸಿಮ್ಯುಲೇಟರಿನಿಂದ ಪ್ರಯೋಜನವೇ ಇಲ್ಲವೆಂದಲ್ಲ. ಉಪಕರಣ ಓದುವುದು, ನಕ್ಷೆ ಓದುವುದು, ಕೆಲಸಗಳನ್ನು ಕ್ರಮವಾಗಿ ಮಾಡುವುದು, ರೇಡಿಯೋದಲ್ಲಿ ಚುಟುಕಾಗಿ ಮಾತನಾಡುವುದು ಇಷ್ಟನ್ನು ಅದು ಕಲಿಸುತ್ತದೆ. ಇವು ಯಾವುವೂ ಆರು ಸಾವಿರದ 737ರಿಂದ ಬರುವಂಥವಲ್ಲ. ಜೊತೆಗೇ ಬಂದ ಸೆಸ್ನಾ ಮತ್ತು ಪ್ರಾಧಿಕಾರದ ಉಚಿತ ನಕ್ಷೆಯಿಂದ ಬರುತ್ತವೆ. ಪರದೆಯ ಒಳಗೇ ನೋಡಿ ಹಾರುವ ಅಭ್ಯಾಸ ಬಲಿತವರಿಗೆ ನಿಜವಾದ ವಿಮಾನದಲ್ಲಿ ಕಿಟಕಿಯ ಹೊರಗೆ ನೋಡುವುದನ್ನು ಮತ್ತೆ ಕಲಿಸಬೇಕಾಗುತ್ತದೆ ಎನ್ನುವುದೂ ತರಬೇತುದಾರರ ಹಳೆಯ ದೂರು.

ಹುಡುಗನ ಆಸೆ ಗಟ್ಟಿಯಾದದ್ದೆಂದು ಕಂಡರೆ ಮೊದಲ ಖರ್ಚು ವೈದ್ಯಕೀಯ ತಪಾಸಣೆಗೆ ಆಗಬೇಕು. ನಿರ್ದೇಶನಾಲಯ ಮಾನ್ಯತೆ ನೀಡಿದ ವೈದ್ಯರಲ್ಲಿ ಮೊದಲು ಕ್ಲಾಸ್ 2, ಅದಾದ ಮೇಲೆ ಕ್ಲಾಸ್ 1 ಎಂಬ ತಪಾಸಣೆಗಳಿವೆ. ಕಣ್ಣು, ಕಿವಿ, ಹೃದಯ ಎಲ್ಲವನ್ನೂ ನೋಡುತ್ತಾರೆ. ಬಣ್ಣ ಗುರುತಿಸುವುದರಲ್ಲಿ ತೊಂದರೆಯಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಲಕ್ಷಗಟ್ಟಲೆ ಶುಲ್ಕ ಕಟ್ಟಿದ ಮೇಲೆ ಗೊತ್ತಾಗುವುದಕ್ಕಿಂತ ಹತ್ತನೇ ತರಗತಿ ದಾಟಿ ವಿಷಯ ಆರಿಸುವಾಗ ಗೊತ್ತಾಗುವುದು ಮೇಲು. ಮಾನ್ಯತೆ ಪಡೆದ ವೈದ್ಯರ ಪಟ್ಟಿ ನಿರ್ದೇಶನಾಲಯದ ಜಾಲತಾಣದಲ್ಲಿದೆ.